ಇದ್ದತ್ತಿನ ಅಂಗಳದ ಜೆಟ್ ಇಂಜಿನ್

ಹೋದ ವರ್ಷ ಮಕ್ಕಾದ ಉಮ್ರಾ ಯಾತ್ರೆಗೆಂದು ಹೊರಟಾಗ, ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ವಿಮಾನದ ಬುಡದಲ್ಲಿ ಇಳಿಸಿದರು. ಮೆಟ್ಟಿಲಿನ ಹತ್ತಿರ ಸಾಲು ನಿಂತಿದ್ದೆವು. ಬಿಸಿಗಾಳಿಯ ಜೊತೆ ಒಂದು ವಾಸನೆ ಬಂತು. ನನ್ನ ಮುಂದಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು, “ಯವ್ವಾ, ಇಲ್ಲೂ ಚಿಮಣಿ ಎಣ್ಣಿ ವಾಸನಿ ಏನು!” ಎಂದಳು. ವಿಮಾನ ಹಾರುವುದೇ ಹೆಚ್ಚುಕಡಿಮೆ ಆ ಎಣ್ಣೆಯಿಂದ ಎಂದು ಆಕೆಗೆ ಹೇಳಬಹುದಿತ್ತು. ನಾನು ಮೆಟ್ಟಿಲ ಮೇಲೆ ಕಾಲಿಡದೆ ನಿಂತುಬಿಟ್ಟಿದ್ದೆ. ಹಿಂದಿನಿಂದ ಅಣ್ಣನ ಮಗಳು, “ಅಂಜಬ್ಯಾಡ ಫುಪ್ಪಿ, ಮೊದಲ ಸಲ ಎಲ್ಲರಿಗೂ ಹಂಗೇ ಆಗ್ತದ,” ಎಂದು ತೋಳು ಹಿಡಿದಳು. ನನಗೆ ಸಿಟ್ಟು ಬಂತು. ವಿಮಾನಕ್ಕೆ ಅಂಜುವ ಹೆಂಗಸಲ್ಲ ನಾನು. ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದು ಆ ಸಾಲಿನಲ್ಲಿ ನಿಂತವರಲ್ಲಿ ನನ್ನಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಆ ವಾಸನೆ ನನ್ನನ್ನು ಎಂಬತ್ತರ ದಶಕದ ಮೊದಲ ಭಾಗದ ಒಂದು ಬೇಸಿಗೆಗೆ, ಶಹಾಬಾದಿನ ಒಂದು ಅಂಗಳಕ್ಕೆ ಎಳೆದುಕೊಂಡು ಹೋಗಿತ್ತು. ಆ ಬೇಸಿಗೆಯಿಡೀ ನಾನು ಆ ಅಂಗಳ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ.

ನನ್ನ ಗಂಡನ ಹೆಸರು ಮಶಾಕ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದೆಂದು ನನಗೆ ಕಲಿಸಿದ್ದರು. ಬರೆಯಬಾರದೆಂದು ಯಾರೂ ಹೇಳಿಲ್ಲ. ಭಂಕೂರದ ದಾರಿಯಲ್ಲಿದ್ದ ಒಂದು ಕಲ್ಲುಗಣಿಯಲ್ಲಿ ಅವರು ಡಂಪರ್ ರಿಪೇರಿ ಮಾಡುವ ಮಿಸ್ತ್ರಿ. ನಾನು ಚಿತಾಪುರದ ಕನ್ನಡ ಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿ ಆ ಮನೆಗೆ ಸೊಸೆಯಾಗಿ ಹೋದವಳು. ಮನೆಯಲ್ಲಿ ಇನ್ನಿಬ್ಬರೇ. ಮಾವನಿಗೆ ನಾನು ಅಬ್ಬಾ ಎನ್ನುತ್ತಿದ್ದೆ, ಅತ್ತೆಗೆ ಅಮ್ಮಿ. ಅಬ್ಬಾ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವುದರಲ್ಲೇ ಆಯುಷ್ಯ ಸವೆಸಿದವರು. ಅಮ್ಮಿ ಹೊಲದ ಮನೆಯಲ್ಲಿ ಬೆಳೆದವಳು. ಮನೆಮಾತು ಅರ್ಧ ದಖನಿ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಅಬ್ಬಾ ದಖನಿಯಲ್ಲಿ ಬೈಯುತ್ತಿದ್ದರು, ಅಮ್ಮಿ ಕನ್ನಡದಲ್ಲಿ. ಜಗಳದಲ್ಲಿ ಯಾವಾಗಲೂ ಕನ್ನಡವೇ ಗೆಲ್ಲುತ್ತಿತ್ತು.

ಮದುವೆಯಾದ ಮರುವರ್ಷ ಒಂದು ಸಂಜೆ ಮಶಾಕ ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಬಂದರು. ಒಳಗೆ ಕುಂಬಳಕಾಯಿಯಷ್ಟು ದಪ್ಪದ, ಮಸಿ ಹಿಡಿದ ಕಬ್ಬಿಣದ ವಸ್ತು. ಕೆಟ್ಟು ಮೂಲೆ ಸೇರಿದ್ದ ಒಂದು ದೊಡ್ಡ ಡಂಪರಿನ ಟರ್ಬೊ ಅದು. ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಯಂತ್ರ. ಕಸಕ್ಕೆ ಹೋಗುತ್ತಿದ್ದದ್ದನ್ನು ಫೋರ್ಮನ್ನಿಗೆ ಕೇಳಿ ತಂದಿದ್ದರು. ಅಂಗಳದ ಫರಸಿಯ ಮೇಲೆ ಅದನ್ನಿಟ್ಟು, ಒರೆಸಿ, ಬಾಯಿಯೊಳಗಿನ ಪುಟ್ಟ ಚಕ್ರಕ್ಕೆ ಬೆರಳು ಹಚ್ಚಿ ತಿರುಗಿಸಿದರು. ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು.

“ನೋಡಿಲ್ಲಿ,” ಎಂದರು. “ಒಂದೇ ದಂಡ, ಎರಡು ತುದಿಗಿ ಎರಡು ಚಕ್ರ. ಈ ಚಕ್ರ ಗಾಳಿ ಒಳಗ ಎಳಕೊಳ್ತದ. ನಡುವ ನಾವು ಬೆಂಕಿ ಹಚ್ಚಬೇಕು. ಕಾದ ಗಾಳಿ ಆ ಕಡಿ ಚಕ್ರ ತಿರುಗಿಸಿಕೋತ ಹೊರಗ ಹೋಗ್ತದ. ಅದು ತಿರುಗಿದ್ರ ಇದು ತಿರುಗ್ತದ, ಮತ್ತ ಗಾಳಿ ಎಳಕೊಳ್ತದ. ಒಮ್ಮಿ ಹತ್ತಿತು ಅಂದ್ರ ತನ್ನಷ್ಟಕ್ಕ ತಾನೇ ನಡೀತದ. ವಿಮಾನದ ಜೆಟ್ ಇಂಜಿನ್ ಅಂದ್ರ ಬ್ಯಾರೆ ಏನೂ ಅಲ್ಲ, ಇದೇ.”

“ಹಚ್ಚಿ ಏನ್ ಮಾಡ್ತೀರಿ?” ಎಂದೆ.

“ಏನೂ ಮಾಡಂಗಿಲ್ಲ. ಅದು ನಡೀತದ, ನಾ ನೋಡ್ತೀನಿ.”

ಈ ಉತ್ತರಕ್ಕೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆ ಮನುಷ್ಯನ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿದ್ದು ಅಂದೇ ಎಂದು ಈಗ ಅನಿಸುತ್ತದೆ.

ಅಂದಿನಿಂದ ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಬೆಂಕಿ ಆರಿಸುವ ಹಳೆಯ ಸಿಲಿಂಡರನ್ನು ಕೊಯ್ದು ಒಲೆ ಮಾಡಿದರು. ಅದರೊಳಗೆ ಮೈತುಂಬ ತೂತು ಕೊರೆದ ಒಂದು ಉಕ್ಕಿನ ಕೊಳವೆ. ಬೆಂಕಿ ಇರಬೇಕಾದದ್ದು ಆ ಕೊಳವೆಯಲ್ಲಿ. ಕೊಳವೆಯೊಳಗೆ ಸುರುಳಿ ಸುತ್ತಿದ ತಾಮ್ರದ ನಳಿಗೆ, ಅದಕ್ಕೆ ಸೀಮೆಎಣ್ಣೆ ದೂಡಲು ಪೆಟ್ರೊಮ್ಯಾಕ್ಸ್ ದೀಪದ ಟಾಕಿ ಮತ್ತು ಪಂಪು. ಎಲ್ಲವನ್ನೂ ಒಂದು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಅಂಗಳದ ಮೂಲೆಯಲ್ಲಿ ಕೂರಿಸಿದರು. ನಾನು ನಟ್ಟು ಬಿಗಿಯುವ ಪಾನಾ ಕೊಡುತ್ತಿದ್ದೆ, ಹಿಡಿ ಎಂದದ್ದನ್ನು ಹಿಡಿಯುತ್ತಿದ್ದೆ, ಕೇಳುತ್ತಿದ್ದೆ. ಆದರೆ ಹಚ್ಚಿದಾಗಲೆಲ್ಲ ಅದು ಢಬ್ ಎಂದು ಕೆಮ್ಮಿ, ಹಿಂದಿನ ಬಾಯಿಯಿಂದ ಮಾರುದ್ದ ಹಳದಿ ಬೆಂಕಿ ಉಗುಳಿ ಆರಿಹೋಗುತ್ತಿತ್ತು. ಗಲ್ಲಿಯವರು ಗೋಡೆಯ ಆಚೆಯಿಂದ, “ಏನ್ರಿ ವಿಮಾನ ಸಾಹೇಬ್ರ, ಬೊಂಬಾಯಿಗಿ ಎಷ್ಟೊತ್ತಿಗಿ ಹೊಂಟದ?” ಎಂದು ಕೂಗುತ್ತಿದ್ದರು. ಮಶಾಕ, “ಸೀಟ್ ಇಲ್ಲ, ನಾಳಿ ಬಾ,” ಎಂದು ತಿರುಗಿ ಕೂಗುತ್ತಿದ್ದರು. ಅಬ್ಬಾ ಮಾತ್ರ ನಗುತ್ತಿರಲಿಲ್ಲ. ದುಡಿಯುವ ಮಗ ಬೆಂಕಿ ಉಗುಳುವ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುವುದನ್ನು ನೋಡಲಾರದೆ ಅವರು ಎದ್ದು ಹೊರಗೆ ಹೋಗುತ್ತಿದ್ದರು.

ಚಳಿ ಕಳೆಯುವ ಹೊತ್ತಿಗೆ ಗಣಿಯಲ್ಲಿ, ಎತ್ತಿ ನಿಲ್ಲಿಸಿದ್ದ ಡಂಪರಿನ ತೊಟ್ಟಿ ಮೈಮೇಲೆ ಜಾರಿಬಿದ್ದು ಮಶಾಕ ಹೋಗಿಬಿಟ್ಟರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಗಂಡ ಸತ್ತ ಹೆಂಗಸು ನಮ್ಮಲ್ಲಿ ಇದ್ದತ್ ಕೂರಬೇಕು. ನಾಲ್ಕು ತಿಂಗಳು ಚಿಲ್ಲರೆ ದಿನ ಮನೆಯಿಂದ ಹೊರಬೀಳುವಂತಿಲ್ಲ. ಹೊಸ ಬಟ್ಟೆ, ಬಳೆ, ಅತ್ತರು ಇಲ್ಲ. ತಂದೆ, ಮಾವ, ಒಡಹುಟ್ಟಿದವರನ್ನು ಬಿಟ್ಟು ಬೇರೆ ಗಂಡಸು ಆ ಅಂಗಳಕ್ಕೆ ಕಾಲಿಡುವಂತಿಲ್ಲ. ಸತ್ತ ಮೂರನೆಯ ದಿನ ಬಂದವರೆಲ್ಲ ಎದ್ದುಹೋದ ಮೇಲೆ ಅಬ್ಬಾ ಹಿತ್ತಿಲ ಕಡೆ ಮುಖ ಮಾಡಿ ನಿಂತು, ನನಗೆ ಕೇಳುವಂತೆ ಅಮ್ಮಿಗೆ ಹೇಳಿದರು: “ನಿದ್ದಿಗೆಟ್ಟು ಆ ಡಬ್ಬಿ ಮುಂದ ಕುಂದ್ರತಿದ್ದ. ಆ ಹುಚ್ಚೇ ನನ್ನ ಮಗನ್ನ ತಿಂತು. ಇದ್ದತ್ ಮುಗೀಲಿ, ಗುಜರಿಯವನ್ನ ಕರಸಿ ಕೊಟ್ಟುಬಿಡ್ತೀನಿ. ಅಕಿನ್ನೂ ಅವ್ರಣ್ಣ ಬಂದು ಕರಕೊಂಡು ಹೋಗ್ತಾನ.”

ನಾನು ಮತ್ತು ಆ ಯಂತ್ರ, ಇಬ್ಬರಿಗೂ ಒಂದೇ ದಿನಕ್ಕೆ ವಿಲೇವಾರಿ. ಅಲ್ಲಿಯವರೆಗೆ ಇಬ್ಬರೂ ಒಳಗೇ.

ಶಹಾಬಾದಿನ ಬೇಸಿಗೆ ಕಂಡವರಿಗೆ ಹೇಳಬೇಕಿಲ್ಲ. ನೆಲ ಫರಸಿ, ಗೋಡೆ ಫರಸಿ, ಮಾಳಿಗೆ ಫರಸಿ, ಅಡುಗೆಮನೆಯ ಗೂಡು ಕೂಡ ಫರಸಿ. ಹಗಲಿಡೀ ಉಂಡ ಬಿಸಿಲನ್ನು ಆ ಕಲ್ಲು ರಾತ್ರಿಯಿಡೀ ಕಕ್ಕುತ್ತದೆ. ಅಂಗಳದ ಮೇಲೆ ಕಾಣುವಷ್ಟು ಆಕಾಶ, ಅದರಲ್ಲಿ ಸಿಮೆಂಟ್ ಕಾರ್ಖಾನೆಯ ಬಿಳಿ ಧೂಳು. ರೈಲು ಹೋಗುವ ಸದ್ದು ಕೇಳಿದಾಗಲೆಲ್ಲ ಅದು ವಾಡಿಯ ಕಡೆಗೋ ಕಲಬುರ್ಗಿಯ ಕಡೆಗೋ ಎಂದು ಲೆಕ್ಕ ಹಾಕುವುದೇ ನನ್ನ ತಿರುಗಾಟ. ಬಂದ ಹೆಂಗಸರೆಲ್ಲ ಸಬರ್ ಮಾಡು, ತಾಳಿಕೋ ಎನ್ನುತ್ತಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, “ಭಾಳ ಚಲೋ ಹುಡುಗ, ಒಂಚೂರು ತಲಿ ತಿರುಗಿತ್ತು, ಅಷ್ಟೇ,” ಎಂದು ಅಮ್ಮಿಗೆ ಹೇಳಿ ಹೋಗುತ್ತಿದ್ದರು. ಅದು ನನ್ನನ್ನು ಕೊರೆಯಿತು. ಗಂಡನನ್ನು ಕಳೆದುಕೊಂಡದ್ದು ಒಂದು ದುಃಖ. ಅವರು ತಲೆಕೆಟ್ಟವರಾಗಿ ಊರಿನ ಬಾಯಲ್ಲಿ ಉಳಿಯುವುದು ಇನ್ನೊಂದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನನಗೇ ಗೊತ್ತಿರಲಿಲ್ಲ. ಆ ಇಂಜಿನ್ ನಡೆಯುತ್ತಿತ್ತೋ ಇಲ್ಲವೋ? ಅವರು ಹುಚ್ಚರೋ ಅಲ್ಲವೋ? ಗುಜರಿಯವನು ಬರುವುದರೊಳಗೆ ಅದು ತಿಳಿಯಬೇಕಿತ್ತು. ಆಮೇಲೆ ಯಾವತ್ತೂ ತಿಳಿಯುವಂತಿರಲಿಲ್ಲ.

ಸಾಯುವ ಹಿಂದಿನ ವಾರ ಮಶಾಕ ಒಂದು ಮಾತು ಹೇಳಿದ್ದರು. ಸ್ಟೋವಿಗೆ ಪಂಪು ಹೊಡೆಯುತ್ತಿದ್ದ ನನ್ನನ್ನು ನೋಡುತ್ತ ಕೂತವರು, “ನನ್ನ ಒಲ್ಯಾಗ ಮುಂದಿನ ತೂತು ಜಾಸ್ತಿ ಆಗ್ಯಾವ. ಬೆಂಕಿ ಹುಟ್ಟಿದ ಕೂಡ್ಲೇ ಗಾಳಿ ಬಡೀತದ, ನಿಲ್ಲಲಿಕ್ಕೆ ಜಾಗಾನೇ ಇಲ್ಲ ಅದಕ್ಕ,” ಎಂದಿದ್ದರು. ಅಷ್ಟೇ. ಆ ತೂತುಗಳನ್ನು ಮುಚ್ಚಲು ಅವರಿಗೆ ರಜೆ ಸಿಗಲಿಲ್ಲ.

ಒಂದು ಮಧ್ಯಾಹ್ನ ಅಬ್ಬಾ ಫರಸಿ ಕಡಿಯುವ ಯಾರ್ಡಿಗೆ ಹೋದ ಮೇಲೆ ನಾನು ಪಾನಾ ತೆಗೆದುಕೊಂಡು ಕೂತೆ. ಸಿಲಿಂಡರಿನ ಮುಚ್ಚಳ ಬಿಚ್ಚಿ, ಕೊಳವೆ ಹೊರಗೆಳೆದು, ಮುಂದಿನ ಸಾಲಿನ ತೂತುಗಳಿಗೆ ಒಂದೊಂದಾಗಿ ಬೋಲ್ಟು ತೂರಿಸಿ ನಟ್ಟು ಬಿಗಿಯತೊಡಗಿದೆ. ಹಿಂದೆ ನೆರಳು ಬಿತ್ತು. ಅಮ್ಮಿ.

“ಏನ್ ಮಾಡ್ಲಿಕತ್ತಿ?”

“ತೂತು ಮುಚ್ಚಲಿಕತ್ತೀನ್ರಿ ಅಮ್ಮಿ.”

“ಇದ್ದತ್ತಿನ್ಯಾಗ ಇದೆಲ್ಲ ಮಾಡಬಹುದೇನು?”

“ಮನಿ ಬಿಟ್ಟು ಹೋಗಬಾರದು ಅಂದಾರ. ಪಾನಾ ಹಿಡೀಬಾರದು ಅಂತ ಯಾರೂ ಅಂದಿಲ್ಲ.”

ಈಗ ಬೈಗುಳ ಬರುತ್ತದೆ, ಅದೂ ಕನ್ನಡದಲ್ಲಿ, ಎಂದು ನಾನು ಕಾದೆ. ಅವಳು ಪಕ್ಕದಲ್ಲಿ ಕೂತು, ಉರುಳಿಹೋಗಿದ್ದ ಒಂದು ನಟ್ಟನ್ನು ಹುಡುಕಿ ನನ್ನ ಕೈಗಿಟ್ಟಳು. “ಅಂವ ಹುಚ್ಚ ಆಗಿದ್ದ ಅಂತ ನಾ ಅಂತೂ ಒಪ್ಪಂಗಿಲ್ಲ,” ಎಂದಳು. ಹಡೆದವಳಿಗೆ ನನಗಿಂತ ದೊಡ್ಡ ಸಂಕಟವಿತ್ತು. ಅದನ್ನು ಕೇಳುವವರು ಯಾರಿದ್ದರು?

ನಮ್ಮ ಜೊತೆ ಸೇರಿದ ಮೂರನೆಯವಳು ಪಕ್ಕದ ಮನೆಯ ನೀಲಮ್ಮ. ಅವಳ ಗಂಡ ಕಲ್ಲುಗಣಿಯ ಉಳಿಗಳನ್ನು ಕಾಯಿಸಿ ಹದಮಾಡುವ ಕಮ್ಮಾರ. ಕುಲುಮೆಗೆ ಗಾಳಿ ಹಾಕಲು ಹಿಡಿಕೆ ತಿರುಗಿಸುವ ಪಂಖ ಇತ್ತು ಅವರ ಮನೆಯಲ್ಲಿ. ಇಂಜಿನ್ ತನ್ನಷ್ಟಕ್ಕೆ ನಡೆಯುವವರೆಗೆ ಅದರ ಬಾಯಿಗೆ ಗಾಳಿ ಊದಬೇಕಿತ್ತು. ಮಶಾಕ ಹಿಂದೆ ಅದನ್ನೇ ಕೇಳಿ ತರುತ್ತಿದ್ದರು. ನೀಲಮ್ಮ ಸೀಮೆಎಣ್ಣೆ ತಂದಳು, ಸುದ್ದಿ ತಂದಳು, ಸಂಶಯವನ್ನೂ ತಂದಳು. “ಅಲ್ಲ ಯವ್ವಾ, ಇದು ಹತ್ತಿ ಹಾರಿ ಹೋಯ್ತಂದ್ರ ನಿಮ್ಮ ಮಾವಗ ಏನ್ ಹೇಳೂದು?”

“ಕಟ್ಟಿ ಹಾಕೀನಿ, ಎಲ್ಲೂ ಹೋಗಂಗಿಲ್ಲ,” ಎಂದೆ.

“ನಿನ್ನಂಗ,” ಎಂದಳು ನೀಲಮ್ಮ. ಮೂವರೂ ನಕ್ಕೆವು. ಮಶಾಕ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು, ನಕ್ಕ ಕೂಡಲೇ ನಾಚಿಕೆಯಾಯಿತು.

ಉಳಿದದ್ದು ಎಣ್ಣೆ. ಆ ಎರಡು ಚಕ್ರಗಳ ನಡುವಿನ ದಂಡಕ್ಕೆ ಸದಾ ಎಣ್ಣೆ ಹರಿಯುತ್ತಿರಬೇಕು. ಮೇಲೆ ತೂಗುಹಾಕಿದ ಡಬ್ಬಿಯಿಂದ ನಳಿಗೆಯಲ್ಲಿ ಇಳಿದು, ದಂಡ ತೋಯಿಸಿ, ಕೆಳಗಿನ ಬೋಗುಣಿಗೆ ಬೀಳಬೇಕು. ಗಣಿಯಿಂದ ತಂದ ಇಂಜಿನ್ ಆಯಿಲ್ ಮುಗಿದಿತ್ತು. ನೀಲಮ್ಮ ಅಂಗಡಿಗೆ ಹೋಗಿ ಕೇಳಿದರೆ ಅಂಗಡಿಯವನು, “ಯಾವ ಗಾಡಿಗಿ ಅಕ್ಕಾ?” ಎಂದನಂತೆ. ಇವಳು ಗಾಬರಿಯಾಗಿ, “ಎತ್ತಿನ ಗಾಡಿಗಿ,” ಎಂದು ಓಡಿಬಂದಳು. ಇನ್ನೊಮ್ಮೆ ಕೇಳಿದರೆ ಊರೆಲ್ಲ ಸುದ್ದಿ. ಆಗ ಅಮ್ಮಿ ಒಳಗೆ ಹೋಗಿ ಕುಸುಬಿ ಎಣ್ಣೆಯ ಡಬ್ಬಿ ಎತ್ತಿಕೊಂಡು ಬಂದಳು. ಗಾಣದಿಂದ ಆಗಷ್ಟೇ ಬಂದ ಹೊಸ ಎಣ್ಣೆ, ತಿಳಿ, ಬಂಗಾರದ ಬಣ್ಣ. “ಆ ಕರೀ ಹೊಲಸು ಎಣ್ಣಿಗಿಂತ ಇದು ಚಲೋ ಅಲ್ಲೇನು? ಮಂದಿ ಉಣ್ಣೂ ಎಣ್ಣಿ,” ಎಂದಳು. ನಮಗಿಬ್ಬರಿಗೂ ಸರಿಯೆನಿಸಿತು. ಕುಸುಬಿ ಬೆಳೆಯುವ ನೆಲದವರು ನಾವು. ಹೋಳಿಗೆಯಿಂದ ಹಿಡಿದು ಕಿರುಗುಟ್ಟುವ ಬಾಗಿಲಿನ ಕೀಲಿನವರೆಗೆ ಎಲ್ಲಕ್ಕೂ ಅದನ್ನೇ ಸುರಿದವರು.

ಇದ್ದತ್ತಿನ ಕೊನೆಯ ವಾರ, ಅಬ್ಬಾ ಬೆಳಗಿನ ಪ್ಯಾಸೆಂಜರ್ ಹಿಡಿದು, ವಾಡಿಯಲ್ಲಿ ಗಾಡಿ ಬದಲಿಸಿ ಚಿತಾಪುರಕ್ಕೆ ಹೋದರು. ನನ್ನನ್ನು ಕರೆದುಕೊಂಡು ಹೋಗುವ ಮಾತು ಅಣ್ಣನ ಜೊತೆ ಮುಗಿಸಿ ಬರಲು. ಅಂದು ಶುಕ್ರವಾರ. ನಡುಮಧ್ಯಾಹ್ನ ಗಲ್ಲಿಯ ಗಂಡಸರೆಲ್ಲ ಜುಮ್ಮಾ ನಮಾಜಿಗೋ ಕೆಲಸಕ್ಕೋ ಹೋಗಿದ್ದರು. ನಾವು ಬೇಕೆಂದೇ ಆರಿಸಿಕೊಂಡ ಹೊತ್ತು.

ಎಣ್ಣೆಯ ಡಬ್ಬಿಯ ಬಿರಡೆ ತೆಗೆದೆ. ಬಂಗಾರದ ದಾರ ಬೋಗುಣಿಗೆ ಇಳಿಯಿತು. ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೊಳವೆಯೊಳಗೆ ಹಚ್ಚಿ, ತಾಮ್ರದ ಸುರುಳಿ ಕಾಯಲು ಬಿಟ್ಟೆ. ಸ್ಟೋವಿನ ತಲೆ ಕಾಯಿಸುವುದೂ ಹೀಗೆಯೇ, ಕೈಗೆ ಅಭ್ಯಾಸವಿತ್ತು. “ತಿರುಗಿಸು,” ಎಂದೆ. ನೀಲಮ್ಮ ಪಂಖದ ಹಿಡಿಕೆ ತಿರುಗಿಸಿದಳು. ಪುಟ್ಟ ಚಕ್ರ ಅಲುಗಿತು, ತಿರುಗಿತು. ಟಾಕಿಗೆ ಪಂಪು ಹೊಡೆದು, ಸೀಮೆಎಣ್ಣೆ ಬಿಡುವ ಕಿವಿ ತಿರುವಿದೆ. ಢಬ್! ಅದೇ ಹಳೆಯ ಕೆಮ್ಮು, ಅದೇ ಹಳದಿ ಬೆಂಕಿ. ಆದರೆ ಈ ಸಲ ಬೆಂಕಿ ಆರಲಿಲ್ಲ. ಒಳಗೆ ಎಲ್ಲೋ ನಿಂತಿತು. ನೀಲಮ್ಮನ ಕೈ ಸೋತಿತು, ಅಮ್ಮಿ ಅವಳನ್ನು ದೂಡಿ ತಾನೇ ಹಿಡಿಕೆ ಹಿಡಿದಳು. ಸೆರಗು ಜಾರಿದ್ದೂ ತಿಳಿಯದೆ, ಹಿಟ್ಟು ಬೀಸುವವಳ ಹಟದಿಂದ ತಿರುಗಿಸಿದಳು. ಹಳದಿ ಬೆಂಕಿ ಗಿಡ್ಡಾಯಿತು, ನೀಲಿಯಾಯಿತು, ಕೊಳವೆಯೊಳಗೆ ಸೇರಿಕೊಂಡಿತು. ಸಣ್ಣ ಸಿಳ್ಳೆಯೊಂದು ಹುಟ್ಟಿ ಮೇಲೆ ಮೇಲೆ ಏರಿತು.

“ಬಿಡ್ರಿ ಅಮ್ಮಿ, ಬಿಡ್ರಿ! ಸಾಕು!”

ಅಮ್ಮಿ ಪಂಖ ಎಳೆದುಕೊಂಡಳು. ಅದು ನಿಲ್ಲಲಿಲ್ಲ. ತನ್ನಷ್ಟಕ್ಕೆ ತಾನೇ ನಡೆಯಿತು.

ಆ ಕೂಗನ್ನು ಹೇಗೆ ಬರೆಯಲಿ? ಫರಸಿ ಗೋಡೆಗಳ ನಡುವೆ ಅದು ನಾಲ್ಕು ಪಟ್ಟಾಯಿತು. ಗೂಡಿನ ಪಾತ್ರೆಗಳು ನಡುಗಿದವು. ಹಿಂದಿನಿಂದ ಹೊರಟ ಗಾಳಿ ಒಣಹಾಕಿದ್ದ ಬಟ್ಟೆಗಳನ್ನು ಹಗ್ಗದಿಂದ ಕಿತ್ತು ಗೋಡೆಗೆ ಬಡಿಯಿತು. ನೀಲಮ್ಮ ಎರಡೂ ಕಿವಿ ಮುಚ್ಚಿಕೊಂಡು ಏನೋ ಕೂಗುತ್ತಿದ್ದಳು, ಕೇಳಲಿಲ್ಲ. ಅಮ್ಮಿ ಕೆಳಗೆ ಕೂತು ಅಳುತ್ತಿದ್ದಳು. ನಾನು ಮಶಾಕ ಕೂರುತ್ತಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಅವರು ಹುಚ್ಚರಾಗಿರಲಿಲ್ಲ. ಸಂತೋಷವಾಗಬೇಕಿತ್ತು, ಆಯಿತು ಕೂಡ, ಒಂದು ಕ್ಷಣ. ಅದರ ಹಿಂದೆಯೇ ಬೇರೊಂದು ಯೋಚನೆ ಬಂತು. ನಾಲ್ಕು ಬೋಲ್ಟು ಬಿಗಿಯುವಷ್ಟು ರಜೆ ಸಿಕ್ಕಿದ್ದರೆ ಇದನ್ನು ಅವರೇ ನೋಡುತ್ತಿದ್ದರು. ಹುಚ್ಚ ಎಂದುಕೊಂಡೇ ಇದ್ದಿದ್ದರೆ ಎಂದಾದರೂ ಮರೆಯಬಹುದಿತ್ತೇನೋ. ಈಗ ಆ ದಾರಿಯೂ ಮುಚ್ಚಿತು. ಟಾಕಿಯ ಸೀಮೆಎಣ್ಣೆ ತೀರಿ ಇಂಜಿನ್ ನಿಧಾನಕ್ಕೆ ಇಳಿದು ನಿಂತಿತು. ಹೊರಗೆ ಗಲ್ಲಿ ತುಂಬ ಜನ. ಮಸೀದಿಯಿಂದ ಓಡಿಬಂದವರು, ಟೋಪಿ ಕೂಡ ತೆಗೆದಿರಲಿಲ್ಲ. ಇದ್ದತ್ತಿನ ಮನೆ, ಯಾರೂ ಹೊಸಿಲು ದಾಟುವಂತಿಲ್ಲ. ಬಾಗಿಲಿಗೆ ಅಡ್ಡ ನಿಂತು ಅಮ್ಮಿ ಕೂಗಿದಳು: “ನನ್ನ ಮಗನ ಇಂಜಿನ್. ಕೇಳಿದ್ರಲ್ಲ? ಹೋಗ್ರಿನ್ನ.”

ಮರುದಿನ ಅಬ್ಬಾ ಬರುವ ಮೊದಲು ಇನ್ನೊಮ್ಮೆ ಹಚ್ಚೋಣವೆಂದು ಚಕ್ರಕ್ಕೆ ಬೆರಳು ಹಚ್ಚಿದೆ. ಅಲುಗಲಿಲ್ಲ. ಒತ್ತಿದೆ, ಪಾನಾ ಹಾಕಿ ತಿರುವಿದೆ. ಇಲ್ಲ. ನಳಿಗೆ ಬಿಚ್ಚಿ ನೋಡಿದರೆ, ನಿಂತ ಇಂಜಿನ್ನಿನ ಕಾವಿಗೆ ಕುಸುಬಿ ಎಣ್ಣೆ ಒಳಗೇ ಬೆಂದು, ಕಂದು ಬಣ್ಣದ ಅಂಟಾಗಿ, ಅರಗಿನ ಹಾಗೆ ಗಟ್ಟಿಯಾಗಿತ್ತು. ಅಮ್ಮಿ ಹಣೆ ಬಡಿದುಕೊಂಡಳು. “ನಮ್ಮಪ್ಪ ಬಾವಿ ನೀರೆತ್ತೂ ಕಪ್ಪಲಿಯ ತೊಗಲಿಗಿ ಇದೇ ಎಣ್ಣಿ ಕುದಿಸಿ ಬಳೀತಿದ್ದ. ಒಣಗಿದ ಮ್ಯಾಲ ನೀರು ಸೈತ ಇಳೀತಿದ್ದಿಲ್ಲ. ನಂಗ ನೆಪ್ಪೇ ಆಗಲಿಲ್ಲ ನೋಡು.” ಸೀಮೆಎಣ್ಣೆಯಲ್ಲಿ ನೆನೆಸಿದೆ, ಬಿಸಿನೀರು ಸುರಿದೆ. ದಂಡ ಬಿಡಲಿಲ್ಲ. ಇರಲಿ, ನಡೆಯಿತಲ್ಲ ಎಂದು ಸಮಾಧಾನ ಹೇಳಿಕೊಂಡೆ. ಕೇಳಬೇಕಾದವರೆಲ್ಲ ಕೇಳಿಯಾಗಿದೆ ಎಂದುಕೊಂಡೆ.

ಅಬ್ಬಾ ಸ್ಟೇಷನ್ನಿನಿಂದ ಮನೆ ಮುಟ್ಟುವುದರೊಳಗೆ ಊರು ಎಲ್ಲ ಹೇಳಿತ್ತು. ಅವರು ನನ್ನನ್ನಾಗಲಿ ಅಮ್ಮಿಯನ್ನಾಗಲಿ ಏನೂ ಕೇಳಲಿಲ್ಲ. ಬೈಯಲೂ ಇಲ್ಲ. ಉಣ್ಣುವಾಗ ಮೂಲೆಯ ಕಡೆ ನೋಡುತ್ತಿದ್ದರು. ಮೊದಲ ಮಳೆ ಬಿದ್ದ ದಿನ ಅವರೇ ಎದ್ದುಹೋಗಿ ಅದರ ಮೇಲೆ ಗೋಣಿಚೀಲ ಹೊದಿಸಿ ಬಂದರು.

ಇದ್ದತ್ ಮುಗಿದ ಬೆಳಿಗ್ಗೆ ಅಣ್ಣ ಬಂದ. ನನ್ನ ಟ್ರಂಕು ಬಾಗಿಲಿಗೆ ಬಂತು. ಹೇಳಿಟ್ಟಿದ್ದ ಗುಜರಿಯವನೂ ತಕ್ಕಡಿ ಹಿಡಿದು ಬಂದ. ಅಬ್ಬಾ ಅವನಿಗೆ, “ಏನೂ ಇಲ್ಲಪ್ಪ, ಹೋಗು,” ಎಂದು ಬಾಗಿಲು ಎಳೆದುಕೊಂಡರು. ಆಮೇಲೆ ಅಂಗಳಕ್ಕೆ ಬಂದು, ಗೋಣಿಚೀಲ ತೆಗೆದು, ನನ್ನ ಕಡೆ ನೋಡದೆ ಹೇಳಿದರು: “ಊರ ಮಂದಿ ಎಲ್ಲಾ ಕೇಳ್ಯಾರ. ನಾನೇ ಇದ್ದಿಲ್ಲ. ಹೋಗೂಕಿಂತ ಮೊದಲ ಒಮ್ಮಿ ಹಚ್ಚವ್ವಾ. ನಾ ಒಮ್ಮಿ ಕೇಳ್ತೀನಿ.”

ಅಮ್ಮಿ ಗೋಡೆಗೆ ಮುಖ ತಿರುಗಿಸಿದಳು. “ಅದು ಹಿಡಕೊಂಡದ ಅಬ್ಬಾ,” ಎಂದೆ. “ಎಣ್ಣಿ ಬೆಂದು ಅಂಟಾಗ್ಯಾದ. ಇನ್ನ ತಿರುಗಂಗಿಲ್ಲ.”

ಅವರು ನಂಬಲಿಲ್ಲ. ಮುಂದೆ ಕೂತು ಚಕ್ರಕ್ಕೆ ಬೆರಳು ಹಚ್ಚಿದರು. ಜೀವಮಾನವಿಡೀ ಕಲ್ಲು ಸೀಳಿದ ಬೆರಳು. ಒತ್ತಿದರು, ಎರಡೂ ಕೈ ಹಾಕಿದರು, ಉಗುರಿನ ಸಂದಿನಲ್ಲಿ ರಕ್ತ ಬಂದರೂ ಬಿಡಲಿಲ್ಲ. ಅಣ್ಣ ಹೊರಗಿನಿಂದ ಗಾಡಿಗೆ ಹೊತ್ತಾಯಿತೆಂದು ಕೂಗಿದ. ಅಬ್ಬಾ ಕೈ ಕೆಳಗೆ ಬಿಟ್ಟು, ಬಹಳ ಸಣ್ಣ ದನಿಯಲ್ಲಿ ಕೇಳಿದರು:

“ಹ್ಯಾಂಗ ಕೂಗ್ತಿತ್ತವ್ವಾ?”

ಆ ಮನೆಯಲ್ಲಿ ಇದ್ದಷ್ಟು ದಿನ ಮಾವನ ಎದುರು ನಾನು ದನಿ ಎತ್ತಿದವಳಲ್ಲ. ತಲೆಯ ಮೇಲಿನ ಸೆರಗು ಎಳೆದುಕೊಂಡು ಅವರ ಎದುರು ಕೂತೆ. ತುಟಿ ಮುಂದೆ ಮಾಡಿ, ಮೊದಲು ಸಣ್ಣಗೆ, ಸಿಳ್ಳೆಯ ಹಾಗೆ ಶುರುಮಾಡಿದೆ. ನಿಧಾನಕ್ಕೆ ಏರಿಸಿದೆ. ಅಬ್ಬಾ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೇಳತೊಡಗಿದರು. ಇನ್ನೂ ಏರಿಸಿದೆ, ಗಂಟಲು ಬಿರಿಯುವಷ್ಟು ಏರಿಸಿದೆ. ಅಣ್ಣ ಗಾಬರಿಯಾಗಿ ಒಳಗೆ ಓಡಿಬಂದು, “ಏನಾಯ್ತು, ಯಾಕ ಅಳ್ಲಿಕತ್ತಾಳ?” ಎಂದ. ಅಬ್ಬಾ ಕಣ್ಣು ತೆರೆಯದೆ, ಅವನಿಗೆ ಸುಮ್ಮನಿರೆಂದು ಕೈ ಮಾಡಿದರು.